ಬಾಯಿ ಬಿಟ್ಟರೆ ಹತ್ತು ಮಾರ್ಕ್ಸು (ನೈಟ್ ಡ್ಯೂಟಿ ಡೈರಿ, ಭಾಗ 23)

ಊರಲ್ಲಿ ಮಳೆ ಹಿಡಿದಿದೆಯಂತೆ, ಅಡಿಕೆಗೆ ಔಷಧಿ ಹೊಡೆಯೋಕೆ ಒಂದು ದಿನದ ಬಿಡುವೂ ಕೊಡ್ತಿಲ್ಲ ಅಂತ ಅಪ್ಪ ಫೋನಲ್ಲಿ ಗೊಣಗ್ತಿದ್ರು. ಇಲ್ಲಿ ಬೆಳಗ್ಗೆ ಏಳಕ್ಕೇ ಬಿಸಿಲು. ಡ್ಯೂಟಿ ಮುಗಿಸಿ ಬಂದು ಕಿಟಕಿಗೆ ಕಪ್ಪು ಪರದೆ ಎಳೆದರೂ ನಿದ್ದೆ ಬರಲ್ಲ. ಅದಕ್ಕೇ ಬರೀತಾ ಕೂತೆ.

ಹೋದ ಭಾಗದಲ್ಲಿ, ಆಸ್ಪತ್ರೆಯ ವಾರಕ್ಕೆ ಮೂರು ನೈಟ್ ಜೊತೆಗೆ ಇಲ್ಲಿನ ಒಂದು ಕಮ್ಯುನಿಟಿ ಕಾಲೇಜಲ್ಲಿ ನರ್ಸಿಂಗ್ ಪಾಠ ಮಾಡೋಕೆ ಒಪ್ಕೊಂಡೆ ಅಂತ ಬರೆದಿದ್ದೆ. ಅದನ್ನ ಓದಿ ಊರಲ್ಲಿ ಡಿಗ್ರಿ ಕಾಲೇಜಲ್ಲಿ ಲೆಕ್ಚರರ್ ಆಗಿರೋ ನಮ್ಮ ಅತ್ತಿಗೆ ಫೋನ್ ಮಾಡಿದ್ರು. ಪರೀಕ್ಷೆ ಹೇಗೆ, ಇಂಟರ್ನಲ್ಸ್ ಹೇಗೆ ಅಂತೆಲ್ಲ ವಿಚಾರಿಸಿದ್ರು. "ಕ್ಲಾಸಲ್ಲಿ ಪಾಲ್ಗೊಂಡಿದ್ದಕ್ಕೇ ನೂರಕ್ಕೆ ಹತ್ತು ಮಾರ್ಕ್ಸ್ ಇದೆ ಅತ್ತಿಗೆ" ಅಂದೆ. "ಅಂದ್ರೆ ಹಾಜರಿಗಾ?" ಅಂದ್ರು. ಹಾಜರಿಗಲ್ಲ, ಮಾತಾಡಿದ್ದಕ್ಕೆ ಅಂದೆ. ಅವರು ನಕ್ಕು ನಕ್ಕು, "ನಮ್ಮಲ್ಲಿ ಮಾತಾಡಿದ್ರೆ ಹೊರಗೆ ಕಳಿಸ್ತೀವಿ ಕಣೇ" ಅಂದ್ರು.

ನನಗೂ ನಗು ಬಂತು. ಆದರೆ ಆ ಹತ್ತು ಮಾರ್ಕ್ಸ್ ಈ ಸಲದ ಸೆಮಿಸ್ಟರಲ್ಲಿ ನನ್ನ ಎಷ್ಟು ನಿದ್ದೆ ತಿಂದಿದೆ ಅಂತ ಅವರಿಗೆ ಹೇಗೆ ಹೇಳೋದು? ಫೋನಲ್ಲಿ ಹೇಳೋ ಕಥೆ ಅಲ್ಲ, ಬರೀತೀನಿ ಅಂದೆ. ಬರೀತಿದ್ದೀನಿ.

ಮೊದಲು ಒಂದು ಮಾತು. ಇಲ್ಲಿ ವಿದ್ಯಾರ್ಥಿಗಳ ಮಾರ್ಕ್ಸ್ ಬಗ್ಗೆ ಬೀದಿಯಲ್ಲಿ ಮಾತಾಡೋ ಹಾಗಿಲ್ಲ. 1974ರಿಂದ 'ಫರ್ಪಾ' ಅಂತ ಒಂದು ಕಾನೂನೇ ಇದೆ. ಕಾಲೇಜು ಸೇರಿದ ಮೇಲೆ ಆ ಹಕ್ಕು ವಿದ್ಯಾರ್ಥಿಯದು. ಸಾಮಾನ್ಯವಾಗಿ ಅಪ್ಪ ಅಮ್ಮ ಫೋನ್ ಮಾಡಿ "ನಮ್ಮ ಹುಡುಗ ಹೇಗೆ ಓದ್ತಿದ್ದಾನೆ ಮೇಡಂ" ಅಂದರೆ, ಅವನೇ ಒಪ್ಪಿಗೆ ಬರೆದುಕೊಟ್ಟಿಲ್ಲದಿದ್ರೆ "ಕ್ಷಮಿಸಿ" ಅಂತ ಇಟ್ಟುಬಿಡೋದೇ ದಾರಿ. (ನಮ್ಮ ಪಿಯುಸಿ ರಿಸಲ್ಟನ್ನ ನಮಗಿಂತ ಮೊದಲು ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವರು ನೋಡಿ ಇಡೀ ಪೇಟೆಗೆ ಹಂಚಿದ್ದು ನೆನಪಿದೆಯಲ್ವಾ?) ಹಾಗಾಗಿ ಇಲ್ಲಿ ಬರೋ ಯಾರ ಗುರುತೂ ಸಿಗಬಾರದು ಅಂತ ವಿವರಗಳನ್ನ ಬದಲಿಸಿದ್ದೀನಿ, ಅಂಕಿಗಳನ್ನೂ ಆಚೀಚೆ ಮಾಡಿದ್ದೀನಿ. ಲೆಕ್ಕದ ಬಿಗಿ ಮಾತ್ರ ಇದ್ದ ಹಾಗೇ ಇದೆ.

ನಾನು ಪಾಠ ಮಾಡಿದ್ದು ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯ ಮೊದಲ ಪೇಪರ್, ಫಂಡಮೆಂಟಲ್ಸ್ ಆಫ್ ನರ್ಸಿಂಗ್. ಈ ಡಿಗ್ರಿ ಮುಗಿಸಿ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ನರ್ಸ್. ಕ್ಲಾಸಲ್ಲಿ ಮೂವತ್ತು ಜನ. ನಮ್ಮಲ್ಲಿ ಹಾಗೆ ಎಲ್ಲರಿಗೂ ಹದಿನೆಂಟು ವರ್ಷ, ಎಣ್ಣೆ ಹಚ್ಚಿ ಬಾಚಿದ ಎರಡು ಜಡೆ, ಅಂತ ಅಂದ್ಕೋಬೇಡಿ. ಹತ್ತೊಂಬತ್ತರ ಹುಡುಗಿ ಪಕ್ಕದಲ್ಲೇ ಐವತ್ತರ ಅಜ್ಜಿ. ಸೈನ್ಯದಲ್ಲಿ ಮೆಡಿಕ್ ಆಗಿದ್ದವನು, ಉಗುರಿಗೆ ಬಣ್ಣ ಹಚ್ಚೋ ಅಂಗಡಿ ನಡೆಸ್ತಿದ್ದವಳು, ಮೂರು ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಓಡಿ ಬರೋ ತಾಯಿ, ಎಲ್ಲ ಒಂದೇ ಬೆಂಚಲ್ಲಿ.

ಮೊದಲ ದಿನ ಕೈಗೆ ಸಿಲಬಸ್ ಅಂತ ಒಂದು ಕಟ್ಟು ಕಾಗದ ಕೊಡ್ತಾರೆ. ಅದರಲ್ಲಿ ಪಾಠದ ಪಟ್ಟಿ ಅಷ್ಟೇ ಇರಲ್ಲ. ಯಾವುದಕ್ಕೆ ಎಷ್ಟು ಮಾರ್ಕ್ಸ್, ತಡವಾದರೆ ಎಷ್ಟು ಕಟ್, ಫೋನ್ ರಿಂಗಾದರೆ ಏನು, ಎಲ್ಲ ಇರುತ್ತೆ. ಅದು ಕರಾರು ಪತ್ರ ಇದ್ದ ಹಾಗೆ. ನಡುವೆ ಬದಲಿಸಿದರೆ ವಿದ್ಯಾರ್ಥಿ ದೂರು ಕೊಡಬಹುದು, ಗೆಲ್ಲಲೂಬಹುದು. ನಮ್ಮ ಪೇಪರ್‌ಗೆ ಪರೀಕ್ಷೆಗಳೆಲ್ಲ ಸೇರಿ 90, ಪಾರ್ಟಿಸಿಪೇಷನ್ 10. ಪರೀಕ್ಷೆಗಳ ಸರಾಸರಿ 75 ಬರದಿದ್ರೆ ಆ 10 ಲೆಕ್ಕಕ್ಕೇ ಬರಲ್ಲ, ಫೇಲು. ನರ್ಸಿಂಗ್ ಅಲ್ವಾ, ಬರೀ ಮಾತಾಡಿ ಪಾಸಾಗೋಕೆ ಬಿಡಲ್ಲ. 80ಕ್ಕೆ ಬಿ, 90ಕ್ಕೆ ಎ. ಮತ್ತೆ 79.9 ಅಂದರೆ 79.9ನೇ. 80 ಅಂತ ದೊಡ್ಡ ಮನಸ್ಸು ಮಾಡೋದು ಇಲ್ಲ.

ಆ 10ರ ಬಗ್ಗೆ ಸಿಲಬಸ್ಸಲ್ಲಿ ಇದ್ದದ್ದು ಒಂದೇ ಸಾಲು: ತರಗತಿಯ ಚರ್ಚೆಯಲ್ಲಿ ಸಕ್ರಿಯವಾಗಿ ತೊಡಗಿಕೊಳ್ಳುವುದು. ಸಕ್ರಿಯ ಅಂದರೆ ಏನು, ಯಾರು ಅಳೆಯೋದು, ಯಾವ ಸೇರಲ್ಲಿ ಅಳೆಯೋದು, ಒಂದೂ ಇಲ್ಲ.

ನಾನು ಬಂದದ್ದು ಸೆಮಿಸ್ಟರ್ ನಡುವೆ. ಮೊದಲ ಏಳು ವಾರ ಬೇರೊಬ್ಬರು ಪಾಠ ಮಾಡಿ ಮಾರ್ಚಲ್ಲಿ ಹೆರಿಗೆ ರಜೆಗೆ ಹೋದರು. ಹೋಗುವಾಗ ನನ್ನ ಕೈಗೆ ಒಂದು ಹಾಳೆ ಕೊಟ್ಟರು. ಮೂವತ್ತು ಹೆಸರು, ಪ್ರತಿ ಹೆಸರಿನ ಮುಂದೆ ಗೀಟುಗಳು. ಯಾರಾದರೂ ಕೈ ಎತ್ತಿ ಏನಾದರೂ ಹೇಳಿದರೆ ಒಂದು ಗೀಟು. ಹಾಲಿನ ಡೈರಿಯಲ್ಲಿ ಲೀಟರ್ ಬರೆದ ಹಾಗೆ. ಒಬ್ಬ ಹುಡುಗನ ಮುಂದೆ 41 ಗೀಟು. ಕೊನೇ ಸಾಲಿನ ಒಬ್ಬಳ ಮುಂದೆ ಎರಡು. ಆ ಗೀಟಿನ ಲೆಕ್ಕದಲ್ಲಿ ಮೊದಲರ್ಧಕ್ಕೆ ಐದರಲ್ಲಿ ಅವನಿಗೆ ಐದು, ಅವಳಿಗೆ ಒಂದು ಆಗಲೇ ಬಿದ್ದಾಗಿತ್ತು. ಉಳಿದ ಐದು ನನ್ನ ಕೈಲಿ.

ಅವರನ್ನ ನಾನು ಬೈಯಲ್ಲ. ಗೀಟು ಹಾಕೋದರಲ್ಲಿ ಒಂದು ನ್ಯಾಯ ಇದೆ. "ನನಗ್ಯಾಕೆ ಕಮ್ಮಿ" ಅಂತ ಯಾರಾದರೂ ಬಂದರೆ ಎಣಿಸಿ ತೋರಿಸಬಹುದು. ಏನೂ ಬರೆದಿಡದೆ ಕೊನೇ ವಾರ ಮುಖ ನೆನಪು ಮಾಡ್ಕೊಂಡು ಎಂಟು, ಆರು, ಒಂಬತ್ತು ಅಂತ ಹಾಕೋರೂ ಇದ್ದಾರೆ. ಅದಕ್ಕಿಂತ ಇದು ಎಷ್ಟೋ ವಾಸಿ. ಮುಖ ನೆನಪಾಗೋದು ಯಾರದ್ದು? ಮುಂದೆ ಕೂತು ನಗ್ತಾ ಮಾತಾಡಿದವರದ್ದು. ನನ್ನ ಹಾಗೆ ಬೇರೆ ದೇಶದಿಂದ ಬಂದು, ಉಚ್ಚಾರಣೆ ಬೇರೆಯಾಗಿ, ಒಂದು ವಾಕ್ಯ ಕಟ್ಟೋಕೆ ಅರ್ಧ ನಿಮಿಷ ಬೇಕಾದವರದ್ದಲ್ಲ.

ಇದು ನನಗೆ ಎಲ್ಲಿ ಚುಚ್ಚುತ್ತೆ ಅಂತ ನನ್ನ ಜೊತೆ ಓದಿದ ಹುಡುಗಿಯರಿಗೆ ಗೊತ್ತು. ಮಂಗಳೂರಲ್ಲಿ ಬಿಎಸ್ಸಿ ಮಾಡುವಾಗ ನಮ್ಮದು ಯೂನಿವರ್ಸಿಟಿ ಪರೀಕ್ಷೆಗೆ 75, ಇಂಟರ್ನಲ್ಸ್‌ಗೆ 25, ಹಾಜರಿ ಎಂಬತ್ತು ಪರ್ಸೆಂಟ್ ಇರಲೇಬೇಕು. ಕ್ಲಾಸಲ್ಲಿ ನಮ್ಮ ಪಾಲ್ಗೊಳ್ಳುವಿಕೆ ಅಂದರೆ ಮೇಡಂ ಒಳಗೆ ಬಂದಾಗ ಎದ್ದು ನಿಲ್ಲೋದು, "ಕೂತ್ಕೊಳ್ಳಿ" ಅಂದಾಗ ಕೂತ್ಕೊಳ್ಳೋದು, ಕೊನೆಗೆ "ಎನಿ ಡೌಟ್ಸ್?" ಅಂದಾಗ ಎಲ್ಲರೂ ಒಟ್ಟಿಗೆ "ನೋ ಮ್ಯಾಮ್" ಅನ್ನೋದು. ಡೌಟ್ ಇದ್ದವರು ರಾತ್ರಿ ಹಾಸ್ಟೆಲ್‌ನಲ್ಲಿ ಕೇರಳದ ಹುಡುಗಿಯರನ್ನ ಕೇಳ್ತಿದ್ವಿ. ಬಾಯಿ ಬಿಡಬೇಕಾದ ದಿನ ಅಂದರೆ ವೈವಾ ಒಂದೇ. ಅವತ್ತು ಕನ್ನಡ ಮೀಡಿಯಂನವರ ನಾಲಿಗೆ ಒಣಗಿ ಅಂಗಳಕ್ಕೆ ಅಂಟಿಕೊಳ್ತಿತ್ತು. ಮನೆಯಲ್ಲೂ ಅಷ್ಟೇ ಅಲ್ವಾ. ಮಾತು ಬೆಳ್ಳಿ, ಮೌನ ಬಂಗಾರ. ತುಂಬಿದ ಕೊಡ ತುಳುಕಲ್ಲ. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ. "ಬಾಯಿ ಇದ್ದವರು ಬರಗಾಲದಲ್ಲೂ ಬದುಕ್ತಾರೆ" ಅಂತ ಅಜ್ಜಿ ಹೇಳ್ತಿದ್ದಳು. ಅದರಲ್ಲಿ ಮೆಚ್ಚುಗೆ ಎಷ್ಟಿತ್ತೋ ಕೊಂಕೂ ಅಷ್ಟೇ ಇತ್ತು.

ಆಮೇಲೆ ಇಲ್ಲಿ ಮಾಸ್ಟರ್ಸ್ ಮಾಡುವಾಗ ನಾನೂ ಈ ಪಾರ್ಟಿಸಿಪೇಷನ್ ಮಾರ್ಕ್ಸ್ ಕಳ್ಕೊಂಡಿದ್ದೀನಿ. ಪ್ರಶ್ನೆ ಕಿವಿಗೆ ಬಿದ್ದು, ಅದು ಕನ್ನಡಕ್ಕೆ ಹೋಗಿ, ಉತ್ತರ ಇಂಗ್ಲಿಷಾಗಿ ವಾಪಸ್ ಬರೋ ಹೊತ್ತಿಗೆ ಮುಂದಿನ ಸಾಲಿನವರು ಹೇಳಿ ಮುಗಿಸಿ, ಕ್ಲಾಸು ಮುಂದಿನ ಸ್ಲೈಡಿಗೆ ಹೋಗಿರ್ತಿತ್ತು.

ಇದರ ಬಗ್ಗೆ ಒಬ್ಬರು ಚೆನ್ನಾಗಿ ಕೆಲಸ ಮಾಡಿದ್ದಾರೆ, ಅತ್ತಿಗೆಗೆ ಇಷ್ಟ ಆಗುತ್ತೆ ಅಂತ ಹೇಳ್ತೀನಿ. ಮೇರಿ ಬಡ್ ರೋ ಅಂತ ಅಮೆರಿಕದ ಶಿಕ್ಷಣ ತಜ್ಞೆ. ಕ್ಲಾಸುಗಳ ಧ್ವನಿ ಮುದ್ರಿಸಿ, ಪ್ರಶ್ನೆ ಕೇಳಿದ ಮೇಲೆ ಟೀಚರ್ ಎಷ್ಟು ಹೊತ್ತು ಕಾಯ್ತಾರೆ ಅಂತ ಅಳೆದರು. 1974ರಲ್ಲಿ ಪ್ರಕಟಿಸಿದರು. ಎಷ್ಟು ಕಾಯ್ತಾರೆ ಅಂದ್ಕೊಂಡ್ರಿ? ಸರಾಸರಿ ಒಂದು ಸೆಕೆಂಡ್! ಅಷ್ಟರಲ್ಲಿ ಯಾರೂ ಹೇಳದಿದ್ರೆ ಬೇರೆಯವರನ್ನ ಕೇಳ್ತಾರೆ, ಇಲ್ಲಾ ತಾವೇ ಉತ್ತರ ಹೇಳ್ತಾರೆ. ಅದನ್ನ ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದ ಆಗುತ್ತವೆ, "ಗೊತ್ತಿಲ್ಲ" ಅನ್ನೋದು ಕಮ್ಮಿ ಆಗುತ್ತೆ, ಕೇಳದೇ ಇದ್ದವರೂ ಬಾಯಿ ಬಿಡ್ತಾರೆ ಅಂತ ಅವರು ಕಂಡುಕೊಂಡರು. ಮೂರೇ ಸೆಕೆಂಡ್. ನಾನು ಕ್ಲಾಸಲ್ಲಿ ಪ್ರಶ್ನೆ ಕೇಳಿ ಮನಸ್ಸಲ್ಲೇ ಒಂದು, ಎರಡು, ಮೂರು ಅಂತ ಕನ್ನಡದಲ್ಲಿ ಎಣಿಸ್ತೀನಿ. ಮೊದಲ ಸಲ ಮಾಡಿ ನೋಡಿ, ಆ ಮೂರು ಸೆಕೆಂಡ್ ಎಷ್ಟು ಉದ್ದ ಅಂತ ಗೊತ್ತಾಗುತ್ತೆ.

ಇಲ್ಲಿಗೆ ನಿಮಗೆ ನಾನು ಯಾವ ಕಡೆ ಅಂತ ಗೊತ್ತಾಯ್ತು ಅನ್ನಿಸಿರಬಹುದು. ಮೌನವಾಗಿರೋರಿಗೆ ಮಾರ್ಕ್ಸ್ ಕಟ್ ಮಾಡೋದು ಅನ್ಯಾಯ, ಮುಗೀತು. ಇಂಗ್ಲಿಷ್ ಸಾಹಿತ್ಯವೋ ಇತಿಹಾಸವೋ ಹೇಳಿಕೊಡೋಳಾಗಿದ್ರೆ ನಾನೂ ಅಷ್ಟಕ್ಕೇ ನಿಲ್ಲಿಸ್ತಿದ್ದೆ. ಚೆನ್ನಾಗಿ ಬರೆದವಳು ಮಾತಾಡದಿದ್ರೆ ಯಾರ ಗಂಟು ಹೋಯ್ತು?

ಆದರೆ ನಾನು ಹೇಳಿಕೊಡೋದು ನರ್ಸಿಂಗ್. ಇಲ್ಲಿ ಸುಮ್ಮನಿರೋದರಿಂದ ಮನುಷ್ಯರು ಸಾಯ್ತಾರೆ.

ಇದು ಉತ್ಪ್ರೇಕ್ಷೆ ಅಲ್ಲ. 1999ರಲ್ಲಿ ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಹೊರತಂದಿತು, 'ಟು ಎರ್ ಈಸ್ ಹ್ಯೂಮನ್' ಅಂತ. ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ವೈದ್ಯಕೀಯ ತಪ್ಪುಗಳಿಂದ ಸಾಯ್ತಿದ್ದಾರೆ ಅನ್ನೋದು ಅದರ ಅಂದಾಜು. ಅಂಥ ಎಷ್ಟೋ ತಪ್ಪುಗಳ ಪಕ್ಕದಲ್ಲಿ ಅದನ್ನ ಕಣ್ಣಾರೆ ನೋಡಿ, ಹೇಳೋಕೆ ಹಿಂಜರಿದ ಯಾರೋ ಒಬ್ಬರು ನಿಂತಿರ್ತಾರೆ. ಹೆಚ್ಚಿನ ಸಲ ನರ್ಸು. ಡಾಕ್ಟರಿಗೆ ಗೊತ್ತಿಲ್ಲದೆ ಇರುತ್ತಾ, ನಾನ್ಯಾರು ಹೇಳೋಕೆ ಅನ್ನೋ ಹಿಂಜರಿಕೆ. ಅದಕ್ಕೇ ಇಲ್ಲಿ ಮಾತಾಡೋದನ್ನೇ ಒಂದು ಕಸುಬಿನ ಹಾಗೆ ಕಲಿಸ್ತಾರೆ. ಇಲ್ಲಿನ ಸರ್ಕಾರ ಮತ್ತು ಸೈನ್ಯದ ಆರೋಗ್ಯ ವಿಭಾಗ ಸೇರಿ 2006ರಲ್ಲಿ ತಂದ ತರಬೇತಿಯಲ್ಲಿ ಮೂರು ಮೆಟ್ಟಿಲು ಇದೆ. ಮೊದಲು "ಐ ಆಮ್ ಕನ್ಸರ್ನ್ಡ್", ನನಗೆ ಚಿಂತೆ ಆಗ್ತಿದೆ. ಆಮೇಲೆ "ಐ ಆಮ್ ಅನ್‌ಕಂಫರ್ಟಬಲ್", ನನಗೆ ಸರಿ ಕಾಣ್ತಿಲ್ಲ. ಕೊನೆಗೆ "ದಿಸ್ ಈಸ್ ಎ ಸೇಫ್ಟಿ ಇಶ್ಯೂ", ಇದು ರೋಗಿಯ ಜೀವದ ಪ್ರಶ್ನೆ. ಮೊದಲ ಸಲ ಕೇಳಿಸ್ಕೊಳ್ಳದಿದ್ರೆ ಎರಡನೇ ಸಲ ಹೇಳಲೇಬೇಕು, ಅದೂ ಒಂದು ನಿಯಮ. ಸುಲಭ ಅನ್ನಿಸುತ್ತಲ್ವಾ? ರಾತ್ರಿ ಮೂರು ಗಂಟೆಗೆ, ನಿದ್ದೆಗೆಟ್ಟ ಸೀನಿಯರ್ ಡಾಕ್ಟರ್ ಮುಂದೆ ನಿಂತು ಹೇಳಿ ನೋಡಬೇಕು.

ಹಾಗಾಗಿ ನನಗೆ ಇಕ್ಕಟ್ಟು. ಕೊನೇ ಸಾಲಿನವಳ ಮೌನವನ್ನ ಗೌರವಿಸಬೇಕು, ಆದರೆ ಅದನ್ನ ಹಾಗೇ ಬಿಡೋ ಹಾಗೂ ಇಲ್ಲ.

ಅವಳ ಬಗ್ಗೆ ಹೇಳ್ತೀನಿ. ವಯಸ್ಸು ನಲವತ್ತರ ಆಸುಪಾಸು, ಬೇರೆ ದೇಶದಿಂದ ಬಂದವಳು. ಹನ್ನೊಂದು ವರ್ಷದಿಂದ ಒಂದು ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿಯ ನರ್ಸಿಂಗ್ ಅಸಿಸ್ಟೆಂಟ್. ಅಜ್ಜ ಅಜ್ಜಿಯರನ್ನ ತಿರುಗಿಸಿ ಮಲಗಿಸೋದು, ಒರೆಸೋದು, ಊಟ ಮಾಡಿಸೋದು. ಅವಳ ಕೈ ಕೆಲಸ ನೋಡಬೇಕು ನೀವು. ಹಾಸಿಗೆಯಲ್ಲಿ ಮಲಗಿರೋ ಭಾರದ ರೋಗಿಯ ಚಾದರ ಬದಲಿಸೋದು ಉಳಿದವರಿಗೆ ಇಬ್ಬರ ಕೆಲಸ, ಇವಳು ಮಾತಾಡದೆ ಒಬ್ಬಳೇ ಮಾಡಿ ಮುಗಿಸ್ತಿದ್ದಳು. ಆಸ್ಪತ್ರೆಯ ಕ್ಲಿನಿಕಲ್ ದಿನ ಒಬ್ಬ ರೋಗಿ ಬೆಳಗ್ಗಿನಿಂದ ಸ್ವಲ್ಪ ಗಲಿಬಿಲಿಯಾಗಿದ್ದಾರೆ, ಮೂತ್ರದ ಚೀಲ ಬೆಳಗ್ಗೆ ಎಷ್ಟಿತ್ತೋ ಅಷ್ಟೇ ಇದೆ ಅಂತ ಮೊದಲು ನೋಡಿದವಳು ಅವಳೇ. ನೋಡಿ ನನ್ನ ಬಳಿ ಬಂದು, ಕಿವಿ ಹತ್ತಿರ, ಪಿಸುಮಾತಲ್ಲಿ ಹೇಳಿದಳು. ಕ್ಲಾಸಲ್ಲಿ ಇದು ಗೀಟಾಗಿ ಬೀಳಲ್ಲ.

ಅವಳು ಕೆಲಸ ಮಾಡೋ ಕಡೆಯವರು ಅವಳ ಫೀಸ್ ವಾಪಸ್ ಕೊಡ್ತಾರೆ. ಇಲ್ಲಿ ಅದು ಇದೆ, ಒಳ್ಳೆಯ ವ್ಯವಸ್ಥೆ. ಆದರೆ ಷರತ್ತು: ಆ ಪೇಪರಲ್ಲಿ ಬಿ ಬಂದಿರಬೇಕು. ಸಿ ಬಂದರೆ ಪಾಸು, ಆದರೆ ದುಡ್ಡು ಕೈಯಿಂದ. ಕೈಯಿಂದ ಅಂದರೆ ಅವಳ ಕಥೆ ಅಲ್ಲಿಗೆ ನಿಂತ ಹಾಗೆ. ಇದನ್ನ ಅವಳು ನನಗೆ ಹೇಳಿರಲಿಲ್ಲ. ಸೆಮಿಸ್ಟರ್ ಎಲ್ಲ ಮುಗಿದು ಗ್ರೇಡ್ ಬಂದ ಮೇಲೆ ಹೇಳಿದ್ದು.

ಮಾರ್ಚಲ್ಲಿ ನಾನು ಕೋರ್ಸ್ ಕೋಆರ್ಡಿನೇಟರ್ ಹತ್ತಿರ ಹೋದೆ. ಗೀಟಿನ ಪದ್ಧತಿ ನನಗೆ ಆಗಲ್ಲ ಅಂದೆ. ಅವರು ಮೂವತ್ತು ವರ್ಷ ಪಾಠ ಮಾಡಿದ ಹೆಂಗಸು, ಜಗ್ಗೋರಲ್ಲ. "ಮೊದಲರ್ಧದ ಮಾರ್ಕ್ಸ್ ಮುಟ್ಟೋ ಹಾಗಿಲ್ಲ. ಬೇಕಾದವರು ಅಪೀಲ್ ಹಾಕಬಹುದು. ಸಿಲಬಸ್ಸಿನ ಸಾಲನ್ನ ಬದಲಿಸೋ ಹಾಗಿಲ್ಲ. ಆದರೆ ಅದರ ಅರ್ಥ ಏನು ಅಂತ ವಿವರಿಸೋಕೆ ನಿನಗೆ ಹಕ್ಕಿದೆ. ಮೊದಲೇ ಹೇಳು, ಬರೆದು ಕೊಡು, ಎಲ್ಲರಿಗೂ ಒಂದೇ ಇರಲಿ" ಅಂದರು. ನ್ಯಾಯವಾದ ಮಾತು. ಕೊನೇ ಸಾಲಿನವಳಿಗೆ ಅಪೀಲ್ ಹಾಕ್ತೀಯಾ ಅಂತ ಕೇಳಿದೆ. ತಲೆ ಅಲ್ಲಾಡಿಸಿ ಬೇಡ ಅಂದಳು.

ಸರಿ, ಆ ಐದು ಮಾರ್ಕ್ಸನ್ನ ಐದು ಕೆಲಸಕ್ಕೆ ಹಂಚಿದೆ. ಕ್ಲಾಸಿಗೆ ಬರುವಾಗ ಓದಿದ ಪಾಠದ ಬಗ್ಗೆ ಒಂದು ಚೀಟಿ ಬರೆದು ತರೋದಕ್ಕೆ ಒಂದು. ಹೋಗುವಾಗ ಇವತ್ತು ಅರ್ಥವಾಗದ್ದು ಏನು ಅಂತ ಒಂದು ಚೀಟಿ ಬಿಟ್ಟು ಹೋಗೋದಕ್ಕೆ ಒಂದು. ಇನ್ನೊಬ್ಬರು ಹೇಳಿದ್ದನ್ನ ಕೇಳಿ ಅದಕ್ಕೆ ಏನಾದರೂ ಸೇರಿಸೋದಕ್ಕೆ ಒಂದು, ಇದು ಮಾತಲ್ಲಾದರೂ ಸರಿ ಬರವಣಿಗೆಯಲ್ಲಾದರೂ ಸರಿ. ಇಬ್ಬಿಬ್ಬರಾಗಿ ಮಾತಾಡೋದಕ್ಕೆ ಒಂದು. ಈ ಇಬ್ಬಿಬ್ಬರ ಪದ್ಧತಿ ನನ್ನದಲ್ಲ, ಫ್ರಾಂಕ್ ಲೈಮನ್ ಅನ್ನೋರು 1981ರಲ್ಲಿ ಹೇಳಿದ್ದು: ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರ ಜೊತೆ ಮಾತಾಡಿ, ಆಮೇಲೆ ಎಲ್ಲರಿಗೂ ಹೇಳಿ. ತುಂಬಾ ಸರಳ, ಊರಲ್ಲೂ ನಡೆಯುತ್ತೆ, ಅರವತ್ತು ಜನರ ಕ್ಲಾಸಲ್ಲೂ ನಡೆಯುತ್ತೆ.

ಐದನೇ ಮಾರ್ಕು ಮಾತ್ರ ಬಿಡಲಿಲ್ಲ. ಸಿಮ್ಯುಲೇಶನ್ ಲ್ಯಾಬಿನಲ್ಲಿ, ಬೊಂಬೆ ರೋಗಿಯ ಪಕ್ಕ ನಿಂತು, ತಪ್ಪು ಕಂಡಾಗ ಬಾಯಿ ಬಿಟ್ಟು ಹೇಳಬೇಕು. ಬರೆದು ಕೊಟ್ಟರೆ ಆಗಲ್ಲ. ತಂಡದಲ್ಲಿ ಯಾರಿಗಾದರೂ ಕೇಳಿಸಬೇಕು. ಮಾತಾಡೋಕೆ ವೈದ್ಯಕೀಯ ಕಾರಣದ ತೊಂದರೆ ಇದ್ದವರು ಕಾಲೇಜಿನ ಡಿಸೆಬಿಲಿಟಿ ಆಫೀಸಿನಿಂದ ಪತ್ರ ತಂದರೆ ಅವರಿಗೆ ಬೇರೆ ಏರ್ಪಾಡು ಮಾಡ್ತೀವಿ. ಉಳಿದವರಿಗೆ ವಿನಾಯಿತಿ ಇಲ್ಲ ಅಂದೆ.

41 ಗೀಟಿನ ಹುಡುಗ ಎದ್ದು ನಿಂತು, "ಹಾಗಾದರೆ ನಾನು ಇಷ್ಟು ದಿನ ಮಾತಾಡಿದ್ದು?" ಅಂದ. ಅದು ಮೊದಲರ್ಧಕ್ಕೆ ಬಂದಿದೆಯಲ್ಲಪ್ಪ, ಐದಕ್ಕೆ ಐದು ಅಂದೆ. ಹುಡುಗ ಕೆಟ್ಟವನೇನಲ್ಲ. ಬುದ್ಧಿವಂತ, ನಗುಮುಖ. ಕ್ಲಾಸು ತೂಕಡಿಸುವಾಗ ಅವನಿಂದ ಉಪಕಾರವೇ ಆಗಿದೆ. ಆದರೆ ಚೀಟಿ ಬರೆದು ತಾ ಅಂದರೆ ತರಲ್ಲ. ಓದದೇ ಬಂದು, ಬೇರೆಯವರು ಹೇಳಿದ್ದನ್ನ ಇನ್ನೂ ಚಂದದ ಇಂಗ್ಲಿಷಲ್ಲಿ ತಿರುಗಿ ಹೇಳೋ ವಿದ್ಯೆ ಅವನಿಗೆ ಕರಗತ.

ಮೊದಲ ಲ್ಯಾಬ್ ಏಪ್ರಿಲಲ್ಲಿ. ಬೊಂಬೆಯ ಕೈಗೆ ಕೆಂಪು ಪಟ್ಟಿ ಕಟ್ಟಿದ್ವಿ, ಪೆನಿಸಿಲಿನ್ ಅಲರ್ಜಿ ಅಂತ. ಲ್ಯಾಬ್ ಸಿಬ್ಬಂದಿಯೊಬ್ಬರು ಡಾಕ್ಟರ್ ವೇಷದಲ್ಲಿ ಅವಸರವಾಗಿ ಬಂದು ಆಂಪಿಸಿಲಿನ್ ಕೊಡಿ ಅಂತಾರೆ. ಅದು ಪೆನಿಸಿಲಿನ್ ಜಾತಿಯದ್ದೇ, ಕೊಟ್ಟರೆ ರೋಗಿಯ ಉಸಿರೇ ಕಟ್ಟಬಹುದು. ಔಷಧಿ ಇದ್ದದ್ದು ಕೊನೇ ಸಾಲಿನವಳ ಕೈಲಿ. ಅವಳು ಪಟ್ಟಿ ನೋಡಿದಳು. ನಿಂತಳು. ಕೊಡಲಿಲ್ಲ. ಆದರೆ ಬಾಯಿನೂ ಬಿಡಲಿಲ್ಲ. ಡಾಕ್ಟರ್ ವೇಷದವರು "ಏನು ನೋಡ್ತಿದ್ದೀಯಾ, ನೀನು ಕೊಡು" ಅಂತ ಪಕ್ಕದವಳ ಕಡೆ ತಿರುಗಿದರು. ಪಕ್ಕದವಳು ಪಟ್ಟಿ ನೋಡದೆ ಅವಳ ಕೈಯಿಂದ ಔಷಧಿ ತಗೊಂಡು ಕೊಟ್ಟೇಬಿಟ್ಟಳು.

ಬೊಂಬೆ, ಹಾಗಾಗಿ ಯಾರೂ ಸಾಯಲಿಲ್ಲ. ಲ್ಯಾಬ್ ಮುಗಿದ ಮೇಲೆ ಎಲ್ಲರೂ ಕೂತು ಏನಾಯ್ತು ಅಂತ ಮಾತಾಡೋದು ಪದ್ಧತಿ. ಅಲ್ಲಿ ಅವಳು ಏನೂ ಹೇಳಲಿಲ್ಲ, ನಾನೂ ಎಲ್ಲರ ಮುಂದೆ ಕೆದಕಲಿಲ್ಲ. ಆಮೇಲೆ ಕಾರಿಡಾರಲ್ಲಿ ಅವಳೇ ನಿಂತಳು. "ಹನ್ನೊಂದು ವರ್ಷದಲ್ಲಿ ನಾನು ಏನಾದರೂ ಹೇಳಿದಾಗೆಲ್ಲ ನಿನ್ನನ್ನ ಯಾರು ಕೇಳಿದರು ಅಂದಿದ್ದಾರೆ. ನಾನು ಕೊಡಲಿಲ್ಲ. ಅಷ್ಟು ಸಾಲದಾ?" ಅಂದಳು.

ನಿನ್ನ ಕೈಯಿಂದ ಹೋಗಲಿಲ್ಲ, ಸರಿ. ರೋಗಿಯ ಮೈಗೆ ಹೋಯ್ತಲ್ಲ ಅಂದೆ.

ಅವಳು ಬಹಳ ಹೊತ್ತು ನೆಲ ನೋಡ್ತಾ ನಿಂತಿದ್ದಳು. ನನಗೆ ಆ ನಿಲುವು ಗೊತ್ತು. ಅತ್ತೆ ಮನೆಯ ಅಡುಗೆಮನೆ ಬಾಗಿಲಲ್ಲಿ, ಹೆಡ್ ಸಿಸ್ಟರ್ ಮೇಜಿನ ಮುಂದೆ, ವೀಸಾ ಕೌಂಟರಲ್ಲಿ, ನಾವು ಎಷ್ಟು ಜನ ಹಾಗೆ ನಿಂತಿಲ್ಲ? ಬಾಯಿಪಾಠ ಮಾಡು ಅಂದೆ ಅವಳಿಗೆ. ವಾಕ್ಯ ಕಟ್ಟೋಕೆ ಹೋಗಬೇಡ, ಆ ಮೂರು ಮಾತು ಬಾಯಿಪಾಠ ಮಾಡು. ಸ್ನಾನ ಮಾಡುವಾಗ, ಬಸ್ಸಲ್ಲಿ, ಮಗ್ಗಿ ಹೇಳಿದ ಹಾಗೆ ಹೇಳ್ಕೋ. ಹೆದರಿಕೆ ಆದಾಗ ಬುದ್ಧಿ ಕೆಲಸ ಮಾಡಲ್ಲ, ಬಾಯಿಪಾಠ ಕೆಲಸ ಮಾಡುತ್ತೆ. ನಮ್ಮ ಊರಿನ ಕನ್ನಡ ಶಾಲೆಯ ಕಲಿಕೆಯ ಬಗ್ಗೆ ಇಲ್ಲಿನವರು ಏನು ಬೇಕಾದರೂ ಹೇಳಲಿ, ಹದಿನೇಳರ ಮಗ್ಗಿ ನನಗೆ ಡ್ರಿಪ್ ರೇಟ್ ಲೆಕ್ಕದಲ್ಲಿ ಇವತ್ತಿಗೂ ಅನ್ನ ಹಾಕ್ತಿದೆ.

ಎರಡನೇ ಲ್ಯಾಬ್ ಕೊನೇ ವಾರಗಳಲ್ಲಿ. ಈ ಸಲ ಬೊಂಬೆಯ ನಾಡಿ ನಿಮಿಷಕ್ಕೆ 48, ಮಾನಿಟರಲ್ಲಿ ಕಾಣ್ತಿದೆ. ಡಾಕ್ಟರ್ ವೇಷದವರು ಮೆಟೊಪ್ರೊಲಾಲ್ ಕೊಡಿ ಅಂತಾರೆ. ಅದು ನಾಡಿಯನ್ನ ಇನ್ನೂ ಇಳಿಸೋ ಮಾತ್ರೆ. ಮಾತ್ರೆಯ ಪುಟ್ಟ ಕಪ್ ಹಿಡಿದಿದ್ದದ್ದು ಈ ಸಲ 41 ಗೀಟಿನ ಹುಡುಗ. ಕೊನೇ ಸಾಲಿನವಳು ಹಾಸಿಗೆಯ ಆಚೆ ಬದಿ. ಹುಡುಗ ಡಾಕ್ಟರ್ ಜೊತೆ ಏನೋ ಹರಟ್ತಾ ಕಪ್ ಮುಂದಕ್ಕೆ ತಂದ. ಅವಳ ತುಟಿ ಅಲ್ಲಾಡಿತು. ನಾನು ಗಾಜಿನ ಈಚೆ ಇದ್ದೆ, ಮೈಕಿನಲ್ಲೂ ಸರಿಯಾಗಿ ಕೇಳಲಿಲ್ಲ. ಡಾಕ್ಟರಿಗೂ ಕೇಳಲಿಲ್ಲ. ಅವಳು ಮತ್ತೆ ಹೇಳಿದಳು. ಈ ಸಲ ಹುಡುಗ ತಿರುಗಿ ಅವಳನ್ನ ನೋಡಿ, ಮಾನಿಟರ್ ನೋಡಿ, ಕಪ್ಪನ್ನ ಟ್ರೇ ಮೇಲೆ ಇಟ್ಟ.

ಆಮೇಲೆ ಎಲ್ಲರೂ ಕೂತಾಗ ಅವಳು ಏನು ಹೇಳಿದಳು ಅಂತ ಹುಡುಗನನ್ನ ಕೇಳಿದೆ. "ಐ ಆಮ್ ಕನ್ಸರ್ನ್ಡ್ ಅಂದಳು. ಎರಡನೇ ಸಲ, ಹಾರ್ಟ್ ರೇಟ್ ಫಾರ್ಟಿ ಎಯ್ಟ್, ಐ ಆಮ್ ಅನ್‌ಕಂಫರ್ಟಬಲ್ ಅಂದಳು" ಅಂತ ಒಪ್ಪಿಸಿದ. ಅವತ್ತು ಅವನ ಬಾಯಿಂದ ಬಂದ ಅತ್ಯಂತ ಉಪಯೋಗದ ಮಾತು ಅದು.

ಮಾರ್ಕ್ಸ್ ನಾನು ಅಲ್ಲೇ, ಲ್ಯಾಬಿನಲ್ಲೇ, ಹಾಳೆಯಲ್ಲಿ ಬರೀತೀನಿ. ಮನೆಗೆ ಹೋಗಿ ಬರೆದರೆ ಕರುಣೆಯೋ ಕೋಪವೋ ಸೇರಿಕೊಳ್ಳುತ್ತೆ. ಅವಳ ಐದನೇ ಕೆಲಸಕ್ಕೆ ಅರ್ಧ ಮಾರ್ಕು ಬರೆದೆ. ಹೇಳಿದಳು, ಎರಡು ಸಲ ಹೇಳಿದಳು, ಪಕ್ಕದವನಿಗೆ ಕೇಳಿಸಿತು, ಔಷಧಿ ನಿಂತಿತು. ಆದರೆ ಆರ್ಡರ್ ಕೊಟ್ಟವರಿಗೆ ಕೇಳಲಿಲ್ಲ. ಅವರು ಪಕ್ಕದ ರೂಮಿಗೆ ಹೋಗಿ ಅದನ್ನೇ ಇನ್ನೊಬ್ಬರಿಗೆ ಹೇಳಬಹುದು. ಉಳಿದ ನಾಲ್ಕರಲ್ಲಿ ನಾಲ್ಕೂ ಅವಳದ್ದು. ಅವಳ ಚೀಟಿಗಳನ್ನ ನಾನು ಇಟ್ಟುಕೊಂಡಿದ್ದರೆ ಪುಸ್ತಕ ಆಗ್ತಿತ್ತು. ಒಟ್ಟು ನಾಲ್ಕೂವರೆ.

ಆಗಿನ್ನೂ ಫೈನಲ್ ಪರೀಕ್ಷೆ ಆಗಿರಲಿಲ್ಲ, ಯಾರದ್ದು ಎಷ್ಟಕ್ಕೆ ನಿಲ್ಲುತ್ತೆ ಅಂತ ಯಾರಿಗೂ ಗೊತ್ತಿರಲಿಲ್ಲ. ಮೇ ತಿಂಗಳಲ್ಲಿ ಎಲ್ಲ ಕೂಡಿಸಿದಾಗ ಅವಳ ಪರೀಕ್ಷೆಗಳ ಸರಾಸರಿ 83. ತೊಂಬತ್ತಕ್ಕೆ ಇಳಿಸಿದರೆ 74.7. ಮೊದಲರ್ಧದ ಒಂದು, ಎರಡನೇ ಅರ್ಧದ ನಾಲ್ಕೂವರೆ. ಒಟ್ಟು 80.2. ಆ ಅರ್ಧ ಮಾರ್ಕು ಬರೆಯದೇ ಇದ್ದಿದ್ದರೆ 79.7.

ಕಂಪ್ಯೂಟರ್ ಮುಂದೆ ಆ ಅಂಕಿ ನೋಡ್ತಾ ಕೂತೆ. ರಾತ್ರಿ ಹನ್ನೆರಡಕ್ಕೆ ಗ್ರೇಡ್ ಹಾಕೋ ಪೋರ್ಟಲ್ ಮುಚ್ಚುತ್ತೆ. ಖುಷಿಯಾಯ್ತಾ ಅಂದರೆ ಆಯ್ತು. ಆದರೆ ಅದಕ್ಕಿಂತ ಭಯ ಆಯ್ತು. ಪಿಸುಮಾತನ್ನ ಅರ್ಧ ಅಂತ ಅಳೆದವಳು ನಾನು. ಕಾಲು ಅಂತ ಅಳೆಯೋರೂ ಇರಬಹುದು, ಪೂರ್ತಿ ಅನ್ನೋರೂ ಇರಬಹುದು. ಕಾಲಾಗಿದ್ದರೆ 79.95. ಒಬ್ಬ ಹೆಂಗಸಿನ ಮುಂದಿನ ಸೆಮಿಸ್ಟರಿನ ಫೀಸು ಅಂಥದ್ದರ ಮೇಲೆ ನಿಲ್ಲೋದು ಸರಿಯಾ? ನನ್ನ ಕೇಳಿದರೆ ಈ ಹತ್ತು ಮಾರ್ಕ್ಸನ್ನ ಐದಕ್ಕೆ ಇಳಿಸಬೇಕು, ಮತ್ತೆ ಆ ಬಾಯಿ ಬಿಡೋ ಕೆಲಸವನ್ನ ಮಾರ್ಕ್ಸಿನಿಂದ ತೆಗೆದು, ಸಿರಿಂಜ್ ಹಿಡಿಯೋದು ಕಲಿಸಿದ ಹಾಗೆ ಬರೋ ತನಕ ಮಾಡಿಸಬೇಕು. ಬಂತು, ಬರಲಿಲ್ಲ, ಮತ್ತೆ ಮಾಡು. ಕೋಆರ್ಡಿನೇಟರಿಗೆ ಇದನ್ನ ಬರೆದು ಕೊಟ್ಟಿದ್ದೀನಿ. ಆಗಸ್ಟಿನ ಹೊಸ ಸಿಲಬಸ್ಸಿಗೆ ನೋಡೋಣ ಅಂದಿದ್ದಾರೆ. ಅವರು ನೋಡೋಣ ಅಂದರೆ ಹೂಂ ಅಂತಲೋ ಉಹೂಂ ಅಂತಲೋ ಮೂವತ್ತು ವರ್ಷದಿಂದ ಯಾರಿಗೂ ಗೊತ್ತಾಗಿಲ್ಲವಂತೆ.

41 ಗೀಟಿನ ಹುಡುಗನಿಗೆ ಎರಡನೇ ಅರ್ಧಕ್ಕೆ ಮೂರೂವರೆ ಬಂತು. ಚೀಟಿಗಳೇ ಪೂರ್ತಿ ಇಲ್ಲ, ಮತ್ತೇನು ಮಾಡೋದು. ಮರುದಿನ ಬೆಳಗ್ಗೆಯೇ ಎರಡು ಪುಟದ ಈಮೇಲ್. ತಾನು ಕ್ಲಾಸಿನಲ್ಲಿ ಅತಿ ಹೆಚ್ಚು ತೊಡಗಿಕೊಂಡವನು, ಇದು ಅನ್ಯಾಯ, ತನಗೆ ಎ ತಪ್ಪಿದೆ ಅಂತ. ಲೆಕ್ಕ ಹಾಕಿ ತೋರಿಸಿದೆ: ಪರೀಕ್ಷೆಗಳಿಂದ 79.2, ಅದಕ್ಕೆ ಪೂರ್ತಿ ಹತ್ತು ಸೇರಿಸಿದರೂ 89.2. ಎ ತಪ್ಪಿದ್ದು ಮಾತಿನಿಂದಲ್ಲಪ್ಪ, ಪುಸ್ತಕದಿಂದ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ಸರಿ ಪ್ರೊಫೆಸರ್. ಆದರೆ ಕಪ್ ಕೆಳಗಿಟ್ಟಿದ್ದು ನಾನು, ಅದಕ್ಕೇನಾದರೂ?" ಅಂತ. ನಕ್ಕುಬಿಟ್ಟೆ. ಅದಕ್ಕೆ ಅವತ್ತೇ ಕೊಟ್ಟಾಗಿತ್ತು, ಕೇಳಿಸಿಕೊಂಡಿದ್ದಕ್ಕೆ ಒಂದು.

ಅವಳು ಈಮೇಲ್ ಮಾಡಲಿಲ್ಲ. ಕೊನೇ ದಿನ ಆಫೀಸಿನ ಬಾಗಿಲಿಗೆ ಬಂದು, ಫೀಸಿನ ವಿಷಯ ಹೇಳಿದಳು, ಒಂದು ಡಬ್ಬಿ ಮೇಜಿನ ಮೇಲಿಟ್ಟಳು. ವಿದ್ಯಾರ್ಥಿಗಳಿಂದ ಏನೂ ತಗೊಳ್ಳೋ ಹಾಗಿಲ್ಲ ಅಂದೆ. ಗ್ರೇಡ್ ಬಂದಾಗಿದೆ, ಈಗ ನಾನು ನಿಮ್ಮ ವಿದ್ಯಾರ್ಥಿನಿ ಅಲ್ಲ ಅಂತ ಸಾಕಷ್ಟು ಜೋರಾಗೇ ಹೇಳಿದಳು, ಪಕ್ಕದ ರೂಮಿನವರು ಇಣುಕಿ ನೋಡೋ ಹಾಗೆ. ಡಬ್ಬಿಯಲ್ಲಿ ಜೋಳದ ಹಿಟ್ಟಿನ ಕಡುಬು ಇತ್ತು, ಹೆಚ್ಚುಕಮ್ಮಿ ನಮ್ಮ ಎಲೆ ಕಡುಬೇ. ಆಫೀಸಿನಲ್ಲಿದ್ದ ನಾಲ್ಕೂ ಜನ ಹಂಚಿಕೊಂಡು ತಿಂದ್ವಿ.

ಅತ್ತಿಗೆ, ಆ ಚೀಟಿಗಳ ಮಾದರಿ ವಾಟ್ಸಾಪಲ್ಲಿ ಕಳಿಸ್ತೀನಿ, ನಿಮ್ಮ ಬಿಎ ಮಕ್ಕಳಿಗೆ ಕನ್ನಡದಲ್ಲೇ ಮಾಡಿಸಿ ನೋಡಿ. ಮುಂದಿನ ಭಾಗದಲ್ಲಿ ನೈಟ್ ಡ್ಯೂಟಿಯ ಊಟದ ಬಗ್ಗೆ ಬರೀತೀನಿ. ಮೈಕ್ರೋವೇವಲ್ಲಿ ಹುಳಿ ಬಿಸಿ ಮಾಡಿದ ದಿನ ಇಡೀ ಫ್ಲೋರ್ ಎದ್ದು ಬಂದದ್ದು ಅದರಲ್ಲಿ ಬರುತ್ತೆ. ಈಗ ಮಲಗ್ತೀನಿ, ಸಂಜೆ ಏಳಕ್ಕೆ ಡ್ಯೂಟಿ.